ಕ್ವೆವ್ರಿಯ ವೈನ್, ಉಕ್ಕಿನ ತೊಟ್ಟಿಯ ವೈನ್: ತೆಲಾವಿಯಲ್ಲಿ ಪಕ್ಕಪಕ್ಕಕ್ಕೆ ಇಟ್ಟ ಮೂರು ಲೋಟಗಳು

ಜಾರ್ಜಿಯಾ ದೇಶದ ಪೂರ್ವಕ್ಕಿರುವ ಕಾಖೇತಿ ಪ್ರಾಂತದ ತೆಲಾವಿ ಪಟ್ಟಣದಲ್ಲಿ ನಾನೂ ನನ್ನ ಪತ್ನಿಯೂ ಕೆಲವು ದಿನ ಉಳಿದಿದ್ದಾಗ, ಹಳೆಯ ಪದ್ಧತಿಯ ಬಿಳಿ ವೈನು ಹೊಸ ಪದ್ಧತಿಯದಕ್ಕಿಂತ ನಿಜವಾಗಿ ಎಷ್ಟು ಬೇರೆ ಎಂಬುದನ್ನು ಒಂದೇ ಮೇಜಿನ ಮೇಲೆ ಕುಡಿದು ನೋಡಬೇಕೆಂದು ಮೂರು ಬಾಟಲಿಗಳನ್ನು ತಂದೆವು. ಮೊದಲನೆಯದು ರ್ಕತ್ಸಿತೆಲಿ ಎಂಬ ದ್ರಾಕ್ಷಿಯಿಂದ ಉಕ್ಕಿನ ತೊಟ್ಟಿಯಲ್ಲಿ ಮಾಡಿದ್ದು. ಎರಡನೆಯದು ಅದೇ ವರ್ಷದ ಅದೇ ದ್ರಾಕ್ಷಿಯಿಂದ ನೆಲದಲ್ಲಿ ಹೂತ ಮಣ್ಣಿನ ಗುಡಾಣದಲ್ಲಿ ಮಾಡಿದ್ದು. ಮೂರನೆಯದು ಪಶ್ಚಿಮದ ಇಮೆರೇತಿ ಪ್ರಾಂತದ್ದು. ಮೂರನೆಯದರ ದ್ರಾಕ್ಷಿ ತ್ಸೋಲಿಕೌರಿ ಎಂಬ ಬೇರೆ ತಳಿಯಾದ್ದರಿಂದ ಅದನ್ನು ಉಳಿದೆರಡರ ಜೊತೆ ಪೂರ್ತಿ ಸಮನಾಗಿ ತೂಗಲಾಗದು. ಮೊದಲ ಎರಡರ ಹೋಲಿಕೆಯೇ ಇಲ್ಲಿ ಮುಖ್ಯ.

ಸಾಮಾನ್ಯವಾಗಿ ಬಿಳಿ ವೈನ್ ಮಾಡುವವರು ದ್ರಾಕ್ಷಿಯನ್ನು ಹಿಂಡಿದ ಕೂಡಲೇ ರಸವನ್ನು ಸಿಪ್ಪೆಯಿಂದ ಬೇರ್ಪಡಿಸಿ, ತಂಪಾದ ತೊಟ್ಟಿಯಲ್ಲಿ ಹುದುಗಲು ಬಿಡುತ್ತಾರೆ. ಕಾಖೇತಿಯ ಕ್ರಮ ಇದಕ್ಕೆ ವಿರುದ್ಧವಾದದ್ದು. ನಮ್ಮ ಬಯಲುಸೀಮೆಯ ಹಗೇವಿನ ಹಾಗೆ ನೆಲದೊಳಗೆ ಅಡಗಿರುವ, ಒಳಗೋಡೆಗೆ ಜೇನುಮೇಣ ಸವರಿದ ಮೊಟ್ಟೆಯಾಕಾರದ ಗುಡಾಣಕ್ಕೆ ಕ್ವೆವ್ರಿ ಎಂದು ಹೆಸರು. ಅದರೊಳಗೆ ರಸದ ಜೊತೆಗೆ ಸಿಪ್ಪೆ, ಬೀಜ, ತೊಟ್ಟುಗಳನ್ನೂ ಸುರಿಯುತ್ತಾರೆ. ಹೊರಗಿನಿಂದ ಹುದುಗನ್ನು ತಂದು ಸೇರಿಸದೆ, ಹಣ್ಣಿನ ಮೇಲೂ ಮಾರಾನಿ ಎಂದು ಕರೆಯುವ ವೈನ್ ಮನೆಯಲ್ಲೂ ತಾನಾಗಿ ಇರುವ ಹುದುಗಿಗೇ ಕೆಲಸ ಬಿಡುತ್ತಾರೆ. ಮೇಲಕ್ಕೆ ಉಬ್ಬಿ ಬರುವ ಸಿಪ್ಪೆಯನ್ನು ದಿನಕ್ಕೆ ಹಲವು ಸಲ ಕೋಲಿನಿಂದ ಒಳಕ್ಕೆ ಅದುಮಿ, ಕುದಿತ ನಿಂತ ಮೇಲೆ ಬಾಯಿ ಮುಚ್ಚಿ, ಸುಮಾರು ಆರು ತಿಂಗಳ ನಂತರ ವಸಂತದಲ್ಲಿ ತೆರೆಯುತ್ತಾರೆ. ಯುನೆಸ್ಕೊ ಈ ವಿಧಾನವನ್ನು 2013ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಜಾರ್ಜಿಯಾದಲ್ಲೇ ಇರುವ ಗದಾಚ್ರಿಲಿ ಗೋರಾ ಎಂಬ ಪ್ರಾಚೀನ ನೆಲೆಯಲ್ಲಿ ಸಿಕ್ಕ ಮಡಕೆಯ ಚೂರುಗಳಲ್ಲಿ ಸುಮಾರು 8000 ವರ್ಷ ಹಳೆಯ ದ್ರಾಕ್ಷಿ ವೈನಿನ ಗುರುತುಗಳಿವೆ ಎಂದು 2017ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿದೆ.

ಉಕ್ಕಿನ ತೊಟ್ಟಿಯ ರ್ಕತ್ಸಿತೆಲಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ತಿಳಿಹಳದಿ ಬಣ್ಣ, ಹಸಿರು ಸೇಬಿನ ವಾಸನೆ, ಚುರುಕಾದ ಹುಳಿ, ಶುಚಿಯಾದ ಮುಕ್ತಾಯ. ಬಿಸಿಲಿನಲ್ಲಿ ನಡೆದು ಬಂದವರಿಗೆ ಹಿತವಾಗುವ, ಎರಡನೆಯ ಲೋಟದ ಹೊತ್ತಿಗೆ ಮನಸ್ಸಿನಲ್ಲಿ ಅಷ್ಟಾಗಿ ಉಳಿಯದ ವೈನು ಅದು.

ಕ್ವೆವ್ರಿಯದನ್ನು ಮೊದಲು ನಾವು ತಪ್ಪಾಗಿ ಕುಡಿದೆವು. ಬಿಳಿ ವೈನ್ ಎಂದ ಮೇಲೆ ತಣ್ಣಗಿರಬೇಕೆಂದು ಫ್ರಿಜ್‌ನಿಂದ ನೇರವಾಗಿ ತೆಗೆದು ಸುರಿದಾಗ ಒಗರು ಮತ್ತು ಕಹಿ ಮಾತ್ರ ಮುಂದೆ ಬಂದು, ಪರಿಮಳವೆಲ್ಲ ಮುದುಡಿಕೊಂಡಿತ್ತು. ಅರ್ಧ ಗಂಟೆ ಹಾಗೆಯೇ ಬಿಟ್ಟು ಕುಡಿದಾಗ ಅದೇ ಲೋಟದಿಂದ ಜರದಾಳು, ಒಣಗಿಸಿದ ಕಿತ್ತಳೆ ಸಿಪ್ಪೆ, ಆಕ್ರೋಟು, ಹದವಾಗಿ ಕುದಿಸಿದ ಕಪ್ಪು ಚಹಾದ ವಾಸನೆಗಳು ಒಂದಾದ ಮೇಲೊಂದು ಏಳತೊಡಗಿದವು. ಬಣ್ಣ ಬಿಳಿಯೂ ಅಲ್ಲ, ಹಳದಿಯೂ ಅಲ್ಲ. ಕಾಡುಜೇನನ್ನು ಬೆಳಕಿಗೆ ಹಿಡಿದಂತಿತ್ತು. ಇದನ್ನು ಬೇರೆ ದೇಶಗಳಲ್ಲಿ ಕಿತ್ತಳೆ ವೈನ್ ಎನ್ನುವುದುಂಟು, ಆದರೆ ಇಲ್ಲಿಯವರು ಅಂಬರ್ ಬಣ್ಣದ್ದು ಎಂದೇ ಹೇಳುತ್ತಾರೆ, ಅದೇ ಸರಿಯೆಂದು ನನಗೂ ಅನ್ನಿಸಿತು. ಬಾಯಲ್ಲಿ ಅದು ಒಸಡುಗಳನ್ನು ಹಿಡಿದೆಳೆಯುತ್ತದೆ. ಸಿಪ್ಪೆ, ಬೀಜ, ತೊಟ್ಟುಗಳಿಂದ ಇಳಿಯುವ ಟ್ಯಾನಿನ್ ಎಂಬ ಒಗರಿನ ಅಂಶ ಇದಕ್ಕೆ ಕಾರಣ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿ ಉಳಿದ ಚೊಗರನ್ನು ಚಿಕ್ಕಂದಿನಲ್ಲಿ ನಾಲಿಗೆಗೆ ಹಚ್ಚಿಕೊಂಡು ನೋಡಿದ ನನಗೆ ಆ ಹಿಡಿತ ಕೂಡಲೇ ಗುರುತು ಸಿಕ್ಕಿತು. ಬಿಳಿ ವೈನಿನಲ್ಲಿ ಒಗರು ದೋಷವೆಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಷಡ್ರಸಗಳಲ್ಲಿ ಒಗರನ್ನೂ ಒಂದು ರುಚಿಯೆಂದೇ ಎಣಿಸುವ ನಾವು ಆ ಮಾತನ್ನು ಒಪ್ಪಬೇಕಾಗಿಲ್ಲ.

ಇಮೆರೇತಿಯದು ಇವೆರಡರ ನಡುವಿನದು. ಅಲ್ಲಿಯೂ ಹೂತ ಗುಡಾಣವೇ ಇದ್ದರೂ ಅದನ್ನು ಚುರಿ ಎನ್ನುತ್ತಾರೆ. ಸಿಪ್ಪೆಯ ಸ್ವಲ್ಪ ಪಾಲನ್ನಷ್ಟೇ ಸೇರಿಸಿ, ತೊಟ್ಟುಗಳನ್ನು ಬಿಟ್ಟುಬಿಡುತ್ತಾರೆ. ನಮ್ಮ ಲೋಟದಲ್ಲಿದ್ದ ತ್ಸೋಲಿಕೌರಿಗೆ ಹುಲ್ಲಿನ ಬಣ್ಣ, ನಿಂಬೆಯ ಹುಳಿ, ಕೊನೆಯಲ್ಲಿ ತೆಳುವಾದ ಒಗರು ಇತ್ತು. ಎರಡೂ ಪ್ರಾಂತಗಳಲ್ಲಿ ಗುಡಾಣ ಮಣ್ಣಿನದೇ ಆಗಿರುವಾಗ ರುಚಿ ಇಷ್ಟು ದೂರ ಸರಿಯುವುದನ್ನು ನೋಡಿದ ಮೇಲೆ, ತಳಿಯ ವ್ಯತ್ಯಾಸವನ್ನು ಬದಿಗಿಟ್ಟರೂ, ಈ ವೈನುಗಳ ಗುಣವನ್ನು ನಿರ್ಧರಿಸುವುದು ಮಣ್ಣಿಗಿಂತ ಹೆಚ್ಚಾಗಿ ಸಿಪ್ಪೆ ರಸದಲ್ಲಿ ಎಷ್ಟು ಪ್ರಮಾಣದಲ್ಲಿ, ಎಷ್ಟು ಕಾಲ ನೆನೆದಿತ್ತು ಎಂಬುದೇ ಎಂದು ನಾನು ನಂಬಿದ್ದೇನೆ. ಈ ಬಗೆಯನ್ನು ಮೊದಲ ಸಲ ಕುಡಿಯುವವರು ಇಮೆರೇತಿಯದರಿಂದ ತೊಡಗುವುದು ಒಳ್ಳೆಯದು.

ಸಹಜ ವಿಧಾನದ್ದೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಮೆಚ್ಚಬೇಕಾಗಿಲ್ಲ. ಮರುದಿನ ಬೇರೊಂದು ಕಡೆ ಕೊಂಡ ಕ್ವೆವ್ರಿ ವೈನು ಮೂಗಿಗೆ ಚೆನ್ನಾಗಿಯೇ ಇದ್ದು, ನುಂಗಿದ ಕೆಲವು ಕ್ಷಣಗಳ ನಂತರ ಇಲಿ ಹೊಕ್ಕ ಪೆಟ್ಟಿಗೆಯ ವಾಸನೆಯನ್ನು ಗಂಟಲಲ್ಲಿ ಬಿಟ್ಟಿತು. ಕೆಲವು ಬ್ಯಾಕ್ಟೀರಿಯಾಗಳಿಂದ ಹುಟ್ಟುವ ಈ ದೋಷ ವೈನಿನ ಹುಳಿಯಲ್ಲಿ ಅಡಗಿದ್ದು, ಜೊಲ್ಲಿನೊಂದಿಗೆ ಬೆರೆತು ಹುಳಿ ತಗ್ಗಿದಾಗ ಮಾತ್ರ ಹೊರಬೀಳುವುದರಿಂದ ಮೂಸಿ ನೋಡಿ ಪತ್ತೆಹಚ್ಚುವಂತಿಲ್ಲ. ವೈನು ಕೆಡದಿರಲೆಂದು ಬೆರೆಸುವ ಗಂಧಕವನ್ನು ಬಹಳ ಕಡಿಮೆ ಹಾಕುವವರು ಗುಡಾಣದ ಶುಚಿತ್ವದಲ್ಲಿ ಅಷ್ಟೇ ಕಟ್ಟುನಿಟ್ಟಾಗಿರಬೇಕು. ಚೆರಿ ಮರದ ತೊಗಟೆಯ ಕುಂಚದಿಂದ ಗುಡಾಣದ ಒಳಗನ್ನು ಉಜ್ಜುವ ಇಲ್ಲಿನ ಹಳೆಯ ಅಭ್ಯಾಸದ ಬೆಲೆ ಆ ಲೋಟದಿಂದಲೇ ನನಗೆ ತಿಳಿಯಿತು.

ಊಟದ ಹೊತ್ತಿಗೆ ತೂಕ ಪೂರ್ತಿ ಒಂದೇ ಕಡೆ ವಾಲಿತು. ಆಕ್ರೋಟು ಮತ್ತು ಬೆಳ್ಳುಳ್ಳಿ ಅರೆದು ತುಂಬಿದ ಬದನೆಕಾಯಿ, ನಮ್ಮ ಎಣ್ಣೆಗಾಯಿಯ ದೂರದ ನಂಟನಂತಿರುವ ಬದ್ರಿಜಾನಿ, ಉಕ್ಕಿನ ತೊಟ್ಟಿಯ ವೈನನ್ನು ನೀರಾಗಿಸಿತು. ಕ್ವೆವ್ರಿಯದರ ಒಗರು ಮಾತ್ರ ಆ ಎಣ್ಣೆಯಂಶವನ್ನು ನಾಲಿಗೆಯಿಂದ ಒರೆಸಿ ಮುಂದಿನ ತುತ್ತಿಗೆ ಬಾಯನ್ನು ಸಿದ್ಧಗೊಳಿಸುತ್ತಿತ್ತು. ಮೂರೂ ಬಾಟಲಿಗಳಲ್ಲಿ ಸ್ವಲ್ಪ ಸ್ವಲ್ಪ ಉಳಿಸಿ ಬಿರಟೆ ಹಾಕಿಟ್ಟಿದ್ದೆವು. ಮರುದಿನ ಸಂಜೆ ಉಕ್ಕಿನ ತೊಟ್ಟಿಯದು ಸಪ್ಪಗಾಗಿತ್ತು, ಇಮೆರೇತಿಯದರ ಪರಿಮಳ ಅರ್ಧಕ್ಕೆ ಇಳಿದಿತ್ತು. ಕ್ವೆವ್ರಿಯದು ಮೂರನೆಯ ದಿನವೂ ಕೆಡದೆ, ಮೊದಲ ದಿನಕ್ಕಿಂತ ಮೃದುವಾಗಿ, ಜೇನಿನ ವಾಸನೆಯನ್ನು ಇನ್ನೂ ಹೆಚ್ಚಿಸಿಕೊಂಡು ನಿಂತಿತ್ತು.