ನಾಕ್ ಔಟ್ ಗುಲಾಬಿ: ಎರಡು ಮಳೆಗಾಲಗಳ ನಂತರ

ಎರಡು ಮಳೆಗಾಲ ಕಂಡ ಈ ಕೆಂಪು ಗುಲಾಬಿಯ ಬಗ್ಗೆ ಬರೆಯುವಾಗ ಹೂವಿಗಿಂತ ಮೊದಲು ಎಲೆಯ ಮಾತನ್ನೇ ಎತ್ತಬೇಕು. ಪಕ್ಕದ ಕುಂಡದಲ್ಲಿದ್ದ ಅಚ್ಚ ಹಳದಿ ಹೂವಿನ ಇನ್ನೊಂದು ತಳಿಗೆ, ಮಳೆ ಹಿಡಿದ ಕೆಲವು ವಾರಗಳಲ್ಲೇ ಕೆಳಗಿನ ಎಲೆಗಳಿಂದ ಕಪ್ಪು ಚುಕ್ಕೆ ರೋಗ ಹತ್ತಿತು. ಅಂಚು ಹರಿದಂತಿದ್ದ ಚುಕ್ಕೆಗಳ ಸುತ್ತ ಎಲೆ ಹಳದಿಗಟ್ಟಿ, ಬೆರಳು ತಾಗಿದರೆ ಸಾಕು, ಕಳಚಿ ಬೀಳುತ್ತಿತ್ತು. ನಾಕ್ ಔಟ್ ಗಿಡಕ್ಕೆ ಒಮ್ಮೆಯೂ ಔಷಧಿ ಸಿಂಪಡಿಸಲಿಲ್ಲ. ಆದರೂ ಅದರ ಎಲೆಗಳು ಬುಡದವರೆಗೂ ಹಸಿರಾಗಿಯೇ ಉಳಿದವು.

ಎರಡಕ್ಕೂ ಆರೈಕೆ ಒಂದೇ ಆಗಿದ್ದರಿಂದ, ವ್ಯತ್ಯಾಸವನ್ನು ವಂಶದಲ್ಲಿ ಹುಡುಕಬೇಕಾಗುತ್ತದೆ. ಫ್ರಾನ್ಸಿನ ಜೋಸೆಫ್ ಪೆರ್ನೆ-ಡುಷೆ 1900ರಲ್ಲಿ ಹೊರತಂದ 'ಸೊಲೈ ದೋರ್' ತಳಿಯ ಮೂಲಕ ಆಧುನಿಕ ಗುಲಾಬಿಗಳಿಗೆ ಗಾಢ ಹಳದಿ ಬಂದಿತು. ಆ ಬಣ್ಣವನ್ನು ಕೊಟ್ಟ ರೋಸಾ ಫೀಟಿಡಾ ಎಂಬ ಹಳದಿ ಗುಲಾಬಿ ಜಾತಿ ಕಪ್ಪು ಚುಕ್ಕೆಗೆ ಸುಲಭವಾಗಿ ತುತ್ತಾಗುವ ಗುಣವನ್ನೂ ಜೊತೆಗೇ ಕೊಟ್ಟಿತು. ಹಳದಿ ವರ್ಣದ್ರವ್ಯವೇ ರೋಗ ತರುತ್ತದೆಂದು ಇದರ ಅರ್ಥವಲ್ಲ. ಬಣ್ಣ ಮತ್ತು ದೌರ್ಬಲ್ಯ ಒಂದೇ ಪೂರ್ವಜನಿಂದ ಇಳಿದುಬಂದಿವೆ, ಅಷ್ಟೇ.

ನಾಕ್ ಔಟ್ ತಳಿಯನ್ನು ರೂಪಿಸಿದ, ಅಮೆರಿಕದ ವಿಸ್ಕಾನ್ಸಿನ್‌ನ ವಿಲಿಯಂ ರಾಡ್ಲರ್ ಹಿಡಿದ ದಾರಿ ನನಗೆ ತುಂಬಾ ಮೆಚ್ಚುಗೆಯಾದದ್ದು. ರೋಗದಿಂದ ಉದುರಿದ ಎಲೆಗಳನ್ನು ಒಣಗಿಸಿ, ಪುಡಿ ಮಾಡಿ, ಆ ಪುಡಿಯನ್ನು ತಮ್ಮ ಸಸಿಗಳ ಮೇಲೆಯೇ ಉದುರಿಸಿ, ಮೇಲಿನಿಂದ ನೀರು ಚಿಮುಕಿಸಿ, ತಡೆದು ನಿಂತವನ್ನು ಮಾತ್ರ ಅವರು ಆರಿಸಿಕೊಂಡರು. 2000ದಲ್ಲಿ ಮಾರುಕಟ್ಟೆಗೆ ಬಂದ ನಾಕ್ ಔಟ್ ಆ ಕಠಿಣ ಆಯ್ಕೆಯ ಫಲ.

ಕೊರತೆಗಳೂ ಇವೆ. ದಳಗಳು ಕಡಿಮೆ, ಪರಿಮಳ ತೀರ ಮಂದ. ಕತ್ತರಿಸಿ ಹೂದಾನಿಯಲ್ಲಿಡುವ ಆಸೆಯಿದ್ದರೆ ಇದು ತಕ್ಕ ಗಿಡವಲ್ಲ. ನುಸಿಯಿಂದ ಹರಡುವ ರೋಸ್ ರೊಸೆಟ್ ವೈರಸ್‌ಗೆ ಇದರಲ್ಲಿ ತಡೆಯಿಲ್ಲ ಎಂಬುದು ಇನ್ನೂ ಗಂಭೀರ ವಿಷಯ: ಕೆಂಪಗೆ ಪೊರಕೆಯಂತೆ ಒತ್ತಾಗಿ ಒಡೆದ ಚಿಗುರು ಕಂಡು, ರೋಗ ಅದೇ ಎಂದು ಖಚಿತವಾದರೆ, ಗಿಡವನ್ನು ಬೇರುಸಹಿತ ಕಿತ್ತುಹಾಕಬೇಕಾಗುತ್ತದೆ. ಅಂಗಳದಲ್ಲಿ ಸದಾ ಹೂ ಬೇಕು, ಔಷಧಿ ಬೇಡ ಎನ್ನುವವರಿಗೆ ಮಾತ್ರ ಇದನ್ನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಹಳದಿಯೇ ಬೇಕೆಂದರೆ, ರೋಗ ತಾಳಿಕೆಯನ್ನು ಪರೀಕ್ಷಿಸಿ ಬಿಟ್ಟ ಹೊಸ ತಳಿಯನ್ನೇ ಕೇಳಿ ಕೊಳ್ಳಿರಿ. ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಕಪ್ಪು ಚುಕ್ಕೆ ತರುವ ಶಿಲೀಂಧ್ರ ಒಳಹೊಕ್ಕುಬಿಡುತ್ತದೆ. ಆದ್ದರಿಂದ ನೀರನ್ನು ಬೆಳಿಗ್ಗೆ, ಬುಡಕ್ಕೆ ಮಾತ್ರ ಹಾಕಿರಿ.