ಪುಟ್ಟ ನಕ್ ಪಿಸಿಗೆ ನಾನೇ ಹಾಕಿದ ರ‍್ಯಾಮ್: ಎರಡು ವರ್ಷದ ಬಳಕೆಯ ನಂತರ

ಪುಟ್ಟ ಪಿಸಿ ನಿಧಾನವಾಯಿತು ಅಂತ ಮಾರೋಕೆ ಹೊರಟಿದ್ದರೆ, ಮೊದಲು ಅದರ ತಳ ಬಿಚ್ಚಿ ನೋಡಿ. ನನ್ನದು 8ನೇ ತಲೆಮಾರಿನ ಐ3 ಪ್ರೊಸೆಸರ್ ಇರುವ ನಕ್, ಅಂದರೆ ಇಂಟೆಲ್ ಕಂಪನಿಯ ಪುಟ್ಟ ಪಿಸಿ. ಎರಡು ಸ್ಲಾಟ್‌ಗಳಲ್ಲಿ ಒಂದರಲ್ಲಷ್ಟೇ 8 ಜಿಬಿ ರ‍್ಯಾಮ್ ಇತ್ತು. ಪುಸ್ತಕಗಳ ಪುಟ ವಿನ್ಯಾಸ ನನ್ನ ಕೆಲಸ. ಇನ್‌ಡಿಸೈನ್, ಫೋಟೋಶಾಪ್, ಕ್ರೋಮ್ ಮೂರನ್ನೂ ತೆರೆದರೆ ಎಲ್ಲವೂ ತಡವರಿಸುತ್ತಿತ್ತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ತುಂಬಿ ತುಳುಕುತ್ತಿತ್ತು, ಪ್ರೊಸೆಸರ್ ಮಾತ್ರ ಆರಾಮಾಗಿತ್ತು.

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಮೊದಲ ಅಂಗಡಿಯವರು, "ಹಳೇದು ಸರ್, ಹೊಸದೇ ತಗೊಂಬಿಡಿ" ಅಂದರು. ಪಕ್ಕದ ಅಂಗಡಿಯಲ್ಲಿ ಹಳೇ ರ‍್ಯಾಮ್‌ನ ಸ್ಟಿಕರ್ ಫೋಟೋ ತೋರಿಸಿದೆ. ನೀವು ಕೇಳಬೇಕಾದದ್ದು ಲ್ಯಾಪ್‌ಟಾಪ್‌ಗೆ ಹಾಕುವ ಚಿಕ್ಕ ಡಿಡಿಆರ್4 ರ‍್ಯಾಮ್. ದೊಡ್ಡ ಡೆಸ್ಕ್‌ಟಾಪ್‌ನ ಉದ್ದನೆಯ ರ‍್ಯಾಮ್ ಇದರಲ್ಲಿ ಕೂರಲ್ಲ. ನನಗೆ ಬೇಕಿದ್ದ 2400 ವೇಗದ್ದು ಇರಲಿಲ್ಲ, 3200 ವೇಗದ 8 ಜಿಬಿ ಕೊಟ್ಟರು. ಚಿಂತೆಯಿಲ್ಲ, ಅದೂ 2400ರ ವೇಗಕ್ಕೆ ಇಳಿದು ಓಡುತ್ತದೆ. ಬಿಲ್ ಮಾತ್ರ ಮರೆಯದೆ ತಗೊಳ್ಳಿ, ವಾರಂಟಿಗೆ ಬೇಕು.

ಹಾಕೋದು ಸುಲಭ. ಪವರ್ ವೈರ್ ಕಿತ್ತು, ಕೈಯಲ್ಲಿರುವ ಸ್ಟ್ಯಾಟಿಕ್ ಹೋಗಲಿ ಅಂತ ಯಾವುದಾದರೂ ಲೋಹ ಮುಟ್ಟಿ. ತಳದ ನಾಲ್ಕು ಮೂಲೆಗಳ ಸ್ಕ್ರೂ ಸಡಿಲಿಸಿ. ಹಾರ್ಡ್ ಡಿಸ್ಕ್ ಕೂರುವ ಎತ್ತರದ ಮಾಡೆಲ್ ಆದರೆ ಮುಚ್ಚಳ ಜಗ್ಗಬೇಡಿ. ಅದಕ್ಕೂ ಬೋರ್ಡಿಗೂ ನಡುವೆ ಒಂದು ತೆಳು ಕೇಬಲ್ ಇರುತ್ತದೆ, ನಿಧಾನಕ್ಕೆ ಎತ್ತಿ ಪಕ್ಕಕ್ಕೆ ವಾಲಿಸಿ. ರ‍್ಯಾಮ್‌ನ ಕಚ್ಚು ಸ್ಲಾಟ್‌ನ ಕಚ್ಚಿಗೆ ಸರಿಹೊಂದಬೇಕು. ಓರೆಯಾಗಿ ಒಳಗೆ ತಳ್ಳಿ, ಬಂಗಾರದ ಬಣ್ಣದ ಪಟ್ಟಿ ಪೂರ್ತಿ ಒಳಗೆ ಹೋದ ಮೇಲೆ ಕೆಳಕ್ಕೆ ಒತ್ತಿ. ಎರಡೂ ಬದಿಯ ಕ್ಲಿಪ್ ಟಕ್ ಅನ್ನಬೇಕು. ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗೇ ಇರಬಹುದು, ಗಾಬರಿಯಾಗಿ ಆಫ್ ಮಾಡಬೇಡಿ. ನಾನು ರಾತ್ರಿಯಿಡೀ ಮೆಮ್‌ಟೆಸ್ಟ್86 ಅನ್ನೋ ಮೆಮೊರಿ ಪರೀಕ್ಷಿಸುವ ತಂತ್ರಾಂಶ ಓಡಿಸಿ ನೋಡಿದೆ, ಒಂದೂ ತಪ್ಪು ಬರಲಿಲ್ಲ.

ಎರಡು ವರ್ಷದಿಂದ ಒಂದೇ ಒಂದು ಸಲವೂ ಕೈಕೊಟ್ಟಿಲ್ಲ. ಚಿತ್ರಗಳು ಜಾಸ್ತಿ ಇರುವ ಪುಸ್ತಕವನ್ನೂ ತಡೆಯಿಲ್ಲದೆ ತಿರುವಿ ಹಾಕಬಹುದು. ಇದರ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಇದೇ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಹಾಗಾಗಿ 8 ಮತ್ತು 8 ಜೋಡಿಯಾದ್ದರಿಂದ ಅದಕ್ಕೂ ಬಲ ಬಂತು. ಆದರೆ ವಿಂಡೋಸ್ ತೆರೆದುಕೊಳ್ಳುವ ಸಮಯ ಮೊದಲಿನಷ್ಟೇ. ದೊಡ್ಡ ಪಿಡಿಎಫ್ ಮಾಡುವಾಗ ಫ್ಯಾನ್ ಸದ್ದೂ ಹಾಗೇ ಇದೆ.

ಎಲ್ಲ ಪುಟ್ಟ ಪಿಸಿಗಳಲ್ಲೂ ಇದು ಆಗಲ್ಲ. 2020ರಿಂದ ಬಂದ ಎಂ ಸರಣಿಯ ಆಪಲ್ ಮ್ಯಾಕ್ ಮಿನಿಗಳಲ್ಲಿ ಮೆಮೊರಿಯು ಪ್ರೊಸೆಸರ್ ಚಿಪ್ ಜೊತೆಗೇ ಸೇರಿರುತ್ತದೆ, ಕೊಳ್ಳುವಾಗಲೇ ಬೇಕಾದಷ್ಟು ಆರಿಸಿಕೊಳ್ಳಬೇಕು. ನನ್ನ ನಕ್ 32 ಜಿಬಿ ತನಕ ತಗೊಳ್ಳುತ್ತದೆ. ಸದ್ಯಕ್ಕೆ ನನಗೆ 16 ಸಾಕು.