ಗೋಸುಂಬೆಗೆ ಗಿಡ ತುಂಬಿದ ಮನೆ: ಝೂ ಮೆಡ್ ರೆಪ್ಟಿಬ್ರೀಜ್

ಬೆಳೆದ ವೇಲ್ಡ್ ಗೋಸುಂಬೆಗಾದರೆ (ತಲೆಯ ಮೇಲೆ ಎತ್ತರದ ಶಿಖೆಯಿರುವ ಅರೇಬಿಯಾ ಮೂಲದ ಜಾತಿ) ಈ ಅಲ್ಯೂಮಿನಿಯಂ ಜಾಲರಿ ಗೂಡಿನ ಎಕ್ಸ್‌ಟ್ರಾ ಲಾರ್ಜ್ (24×24×48 ಇಂಚು) ಅಳತೆಯನ್ನೇ ಕೊಳ್ಳಿ. ಗಾಳಿಯಾಟಕ್ಕೆ ಪೂರ್ತಿ ಅಂಕ. ತೇವ ನಿಲ್ಲದಿರುವುದೇ ತೊಡಕು. ಒಣ ಹವೆಯಿದ್ದರೆ ಎರಡು ಮೂರು ಬದಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಬೇಕು. ತಳ ಚಪ್ಪಟೆ ಹಲಗೆ, ನೀರು ನಿಲ್ಲುತ್ತದೆ. ತೂತು ಕೊರೆದು ಕೆಳಗೊಂದು ಟ್ರೇ ಇಡಿ. ಮನಿಪ್ಲಾಂಟ್, ದಾಸವಾಳ, ಶೆಫ್ಲೆರಾ ಗಿಡಗಳು ಕುಂಡದಲ್ಲೇ ಇರಲಿ. ಮಣ್ಣಿನ ಮೇಲೆ ಗೋಸುಂಬೆಯ ಬಾಯಲ್ಲಿ ಹಿಡಿಯದಷ್ಟು ದೊಡ್ಡ ಕಲ್ಲು ಹೊದಿಸಿ, ಇಲ್ಲದಿದ್ದರೆ ಮಣ್ಣು ನುಂಗಿ ಕರುಳು ಕಟ್ಟೀತು. ಬಟ್ಟಲಲ್ಲಿ ನೀರಿಟ್ಟರೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಎಲೆಗೆ ಹನಿ ಸಿಂಪಡಿಸಿ, ನೆಕ್ಕುತ್ತದೆ. ಬಿಸಿದೀಪವನ್ನು ಜಾಲರಿಯ ಮೇಲೆಯೇ ಇಟ್ಟರೆ ಕೆಳಗೆ ಜೋತುಬಿದ್ದ ಪ್ರಾಣಿಗೆ ಸುಟ್ಟಗಾಯವಾದೀತು; ಎತ್ತರಿಸಿ, ಬಿಸಿಲು ಕಾಯುವ ಕೊಂಬೆಯಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸ್ ಸಾಕು. ಅಂದಹಾಗೆ, ನಮ್ಮ ಬೇಲಿಯ ಗೋಸುಂಬೆಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.